ಬಾಲ್ ಕೆಟ್ಟಿದೆಯಾ, ಲೇನ್ ಬದಲಾಗಿದೆಯಾ, ಕೈ ತಪ್ಪಿದೆಯಾ? ಬೌಲಿಂಗ್ ಬಾಲ್‌ನ ದೋಷ ಹುಡುಕುವ ಬಗೆ

ಒಂದು ಮೇ ತಿಂಗಳಲ್ಲಿ ನಾವು ನಾಲ್ಕು ಜನ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಟೆನ್‌ಪಿನ್ ಬೌಲಿಂಗ್ (ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಆಡಲು ಹೋಗಿದ್ದೆವು. ಸೀಟಿನ ಕೆಳಗೆ ಮೂರು ಬಾಲ್ ಬ್ಯಾಗು. ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ಲೇನ್ ಹತ್ತಿರ ಹೋದರೆ ಒಬ್ಬ ಗೆಳೆಯನ ಬಾಲ್ ತಿರುಗಲೇ ಇಲ್ಲ. ಎಸೆದದ್ದೆಲ್ಲ ನೆಟ್ಟಗೆ ಹೋಗಿ ಲೇನ್‌ನ ಬಲ ಅಂಚಿನ ಗಟರ್‌ಗೆ (ಚರಂಡಿಯಂಥ ಕಾಲುವೆಗೆ) ಬೀಳುತ್ತಿತ್ತು. "ಅಣ್ಣ, ಬಾಲ್ ಸತ್ತೋಗೈತೆ ನೋಡು" ಅಂದ. ಹೊಸದಕ್ಕೆ ಎಷ್ಟಾಗುತ್ತೆ ಅಂತ ಫೋನಿನಲ್ಲಿ ಹುಡುಕೋಕೂ ಶುರು ಮಾಡಿದ.

ನಾನು ಬಾಲ್ ಮುಟ್ಟಿ ನೋಡಿದೆ. ಮೈಯೆಲ್ಲ ಜಿಡ್ಡು. ಎರಡು ವಾರದಿಂದ ಅದು ಕಾರಿನ ಡಿಕ್ಕಿಯಲ್ಲೇ ಇತ್ತಂತೆ. ಬಳ್ಳಾರಿಯ ಮೇ ಬಿಸಿಲು, ಮುಚ್ಚಿದ ಡಿಕ್ಕಿ. ಲೇನ್ ಮೇಲೆ ಹಚ್ಚಿರುವ ಎಣ್ಣೆಯನ್ನು ಬಾಲ್ ಒಳಗೆ ಕುಡಿದಿತ್ತು, ಅದೇ ಬೆವರಿನ ಹಾಗೆ ಹೊರಗೆ ಬಂದು ಮೇಲೆ ಕೂತಿತ್ತು. ಚೆನ್ನಾಗಿ ಒರೆಸಿದೆವು. ಮೂರನೇ ಎಸೆತಕ್ಕೆ ಹುಕ್, ಅಂದರೆ ಬಾಲ್ ಪಕ್ಕಕ್ಕೆ ತಿರುಗುವುದು, ವಾಪಸ್ ಬಂತು.

ಬಾಲ್ ಮೇಲೆ ತಪ್ಪು ಹೊರಿಸುವ ಮೊದಲು ಒಂದೊಂದಾಗಿ ನೋಡಬೇಕು. ಪುಕ್ಕಟೆ ಪರೀಕ್ಷೆ ಮೊದಲು, ದುಡ್ಡು ಬೇಡುವುದು ಕೊನೆಗೆ. ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ರಾಯಚೂರಿನ ಗೆಳೆಯರು ಹೈದರಾಬಾದ್‌ಗೆ ಹೋಗುತ್ತಾರೆ, ಅದೂ ಹತ್ತಿರವೇನಲ್ಲ. ಅಷ್ಟು ದೂರ ಹೋಗಿ ನಾಲ್ಕು ಆಟ ಆಡಿದರೆ, ಅದರಲ್ಲಿ ಎರಡು ಗೊಂದಲದಲ್ಲೇ ಕಳೆದುಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಇಲ್ಲಿ ಬರೆದಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

ಮೊದಲು, ಸರಿಯಾದ ಬಾಲ್ ಹೇಗೆ ಹೋಗುತ್ತದೆ

ಎಸೆಯುವಾಗ ದಾಟಬಾರದ ಗೆರೆ ಫೌಲ್ ಲೈನ್. ಅಲ್ಲಿಂದ ಎಲ್ಲಕ್ಕಿಂತ ಮುಂದಿರುವ 1ನೇ ಪಿನ್‌ವರೆಗೆ 60 ಅಡಿ. ಪಿನ್‌ಗಳ ನಂಬರ್ ಮುಂದಿನ ಸಾಲಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ: 1; 2, 3; 4, 5, 6; 7, 8, 9, 10. ಲೇನ್ ಅಗಲಕ್ಕೆ 39 ಬೋರ್ಡ್, ಅಂದರೆ ಉದ್ದುದ್ದ ಪಟ್ಟಿ. ಬಲಗೈಯವರು ಬೋರ್ಡ್‌ಗಳನ್ನು ಬಲಗಡೆಯಿಂದ ಎಣಿಸುತ್ತಾರೆ. ಲೇನ್ ಮೇಲಿನ ಏಳು ಬಾಣಗಳು ಐದೈದು ಬೋರ್ಡ್‌ಗೆ ಒಂದು. ಅಂದರೆ ಎರಡನೇ ಬಾಣ 10ನೇ ಬೋರ್ಡ್ ಮೇಲಿದೆ.

ಚೆನ್ನಾಗಿರುವ ಬಾಲ್ ಮೊದಲು ಎಣ್ಣೆಯ ಮೇಲೆ ಜಾರುತ್ತದೆ. ಎಣ್ಣೆ ಮುಗಿದ ಕಡೆ ನೆಲ ಹಿಡಿದು ತಿರುಗುತ್ತದೆ. ಕೊನೆಗೆ ಜಾರುವುದೂ ಇಲ್ಲ, ತಿರುಗುವುದೂ ಇಲ್ಲ, ಬರೀ ಉರುಳುತ್ತಾ ಪಿನ್‌ಗೆ ಬಡಿಯುತ್ತದೆ. ಜಾರು, ತಿರುಗು, ಉರುಳು. ಯಾವ ದೋಷವಾದರೂ ಈ ಮೂರರಲ್ಲಿ ಒಂದು ಜಾಸ್ತಿಯಾಗಿರುತ್ತದೆ, ಇಲ್ಲ ಕಡಿಮೆಯಾಗಿರುತ್ತದೆ. ಅದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೀಗಾಗಿ ಮೊದಲ ಐದಾರು ಎಸೆತ ಪಿನ್ ಕಡೆ ನೋಡಲೇಬೇಡಿ. ಬಾಲ್ ಎಲ್ಲಿ ತಿರುಗಲು ಶುರು ಮಾಡುತ್ತದೆ ಅಂತಷ್ಟೇ ನೋಡಿ. ಎಷ್ಟು ಪಿನ್ ಬಿದ್ದವು ಅನ್ನುವುದು ಸ್ಕೋರ್ ಬೋರ್ಡ್ ಮೇಲೆ ಹೇಗೂ ಬರುತ್ತದೆ.

"ಬಾಲ್ ನೆಟ್ಟಗೆ ಹೋಗುತ್ತೆ, ತಿರುಗೋದೇ ಇಲ್ಲ"

ಎಲ್ಲರಿಂದ ಜಾಸ್ತಿ ಕೇಳುವ ದೂರು ಇದು.

ಅದು ಯಾವ ಬಾಲ್ ಅಂತ ಮೊದಲು ನೋಡಿ. ಲೇನ್‌ನವರು ಕೊಡುವ ಬಣ್ಣಬಣ್ಣದ ಬಾಲ್‌ಗಳು ಸಾಮಾನ್ಯವಾಗಿ ಪ್ಲಾಸ್ಟಿಕ್. ಅವು ನೆಟ್ಟಗೆ ಹೋಗುವುದಕ್ಕೇ ಇರುವುದು. ಅದರಲ್ಲಿ ದೋಷ ಹುಡುಕಬೇಡಿ. ಯುರೇಥೇನ್ ಬಾಲ್ ಬೇಗ ನೆಲ ಹಿಡಿದು ಮೆಲ್ಲಗೆ, ಒಂದೇ ಸಮ ತಿರುಗುತ್ತದೆ. ರಿಯಾಕ್ಟಿವ್ ರೆಸಿನ್ ಬಾಲ್ ಮಾತ್ರ ಎಣ್ಣೆ ಕುಡಿಯುತ್ತದೆ, ಕೊನೆಯಲ್ಲಿ ಜೋರಾಗಿ ತಿರುಗುತ್ತದೆ. ಇಲ್ಲಿಂದ ಮುಂದೆ ಬರೆದಿರುವುದು ಹೆಚ್ಚಾಗಿ ಈ ರಿಯಾಕ್ಟಿವ್ ಬಾಲ್ ಬಗ್ಗೆ.

ಈಗ ಒರೆಸಿ. ಪ್ರತಿ ಎಸೆತಕ್ಕೂ ಮುಂಚೆ ಒರೆಸಬೇಕು. ಮೈಕ್ರೋಫೈಬರ್ ಬಟ್ಟೆಯೇ ಒಳ್ಳೆಯದು. ನಮ್ಮೂರಿನಲ್ಲಿ ಜೀನ್ಸ್ ತುಂಡಿಗೆ ಬರವಿಲ್ಲ, ಅದಕ್ಕೇ ಕೆಲವರು ಅದನ್ನೇ ಬ್ಯಾಗಿಗೆ ಹಾಕಿಕೊಂಡು ಬರುತ್ತಾರೆ. ಅದು ಎಣ್ಣೆ ಅಷ್ಟು ಚೆನ್ನಾಗಿ ಹೀರುವುದಿಲ್ಲ, ಹೆಚ್ಚಾಗಿ ಸವರುತ್ತದೆ. ಹತ್ತು ಎಸೆತ ಒರೆಸಿ ಎಸೆದರೆ ತಿರುಗುವುದು ವಾಪಸ್ ಬಂತಾ? ಹಾಗಾದರೆ ಕೆಲಸ ಅಲ್ಲಿಗೆ ಮುಗಿಯಿತು.

ಬರಲಿಲ್ಲ ಅಂದರೆ ಲೇನ್ ಪರೀಕ್ಷೆ. ಸಾಮಾನ್ಯ ಲೇನ್‌ಗಳಲ್ಲಿ ನಡುವೆ ಎಣ್ಣೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಐದು ಬೋರ್ಡ್ ಬಲಕ್ಕೆ ನಿಂತು, ಮೊದಲನೇ ಬಾಣದ ಮೇಲೆ ಎಸೆಯಿರಿ. ಅಲ್ಲಿ ತಿರುಗಿದರೆ ಬಾಲ್ ಚೆನ್ನಾಗಿದೆ, ನೀವು ಎಣ್ಣೆಯ ಮೇಲೆ ಆಡುತ್ತಿದ್ದಿರಿ ಅಷ್ಟೇ. ಪಕ್ಕದ ಲೇನ್ ಖಾಲಿ ಇದ್ದರೆ ಕೌಂಟರ್‌ನಲ್ಲಿ ಕೇಳಿಕೊಂಡು ಅಲ್ಲೂ ಎರಡು ಎಸೆಯಿರಿ. ಒಂದರಲ್ಲಿ ತಿರುಗಿ ಇನ್ನೊಂದರಲ್ಲಿ ತಿರುಗದಿದ್ದರೆ ದೋಷ ಬಾಲ್‌ನದಲ್ಲ.

ಕೌಂಟರ್‌ನವರಿಗೆ ಇನ್ನೊಂದು ಪ್ರಶ್ನೆ ಕೇಳಿ: ಎಣ್ಣೆ ಯಾವಾಗ ಹಾಕಿದ್ದು, ಎಷ್ಟು ಅಡಿವರೆಗೆ? ಉದ್ದ ಗೊತ್ತಾದರೆ ಅದರಲ್ಲಿ 31 ಕಳೆಯಿರಿ. 40 ಅಡಿ ಇದ್ದರೆ 9. ಅಂದರೆ ಎಣ್ಣೆ ಮುಗಿಯುವ ಜಾಗದಲ್ಲಿ ನಿಮ್ಮ ಬಾಲ್ ಸುಮಾರು 9ನೇ ಬೋರ್ಡ್ ಹತ್ತಿರ ಇರಬೇಕು. ಇದು ಅಂದಾಜಿನ ಲೆಕ್ಕ. ಆದರೂ ಗೊತ್ತಿಲ್ಲದ ಲೇನ್‌ನಲ್ಲಿ ಕೈ ಹಿಡಿಯುತ್ತದೆ.

ಆಮೇಲೆ ವೇಗ. ಫೋನಿನ ಸ್ಟಾಪ್‌ವಾಚ್ ಸಾಕು. ಬಾಲ್ ಕೈಬಿಟ್ಟಾಗಿನಿಂದ ಪಿನ್‌ಗೆ ತಾಕುವವರೆಗೆ ಗೆಳೆಯರೊಬ್ಬರು ಲೆಕ್ಕ ಹಿಡಿಯಲಿ. ಎರಡೂವರೆ ಸೆಕೆಂಡ್ ಆದರೆ ಗಂಟೆಗೆ ಸುಮಾರು 26 ಕಿಲೋಮೀಟರ್, ಒಳ್ಳೆಯ ವೇಗ. ಎರಡು ಸೆಕೆಂಡ್‌ಗೇ ತಲುಪಿದರೆ ಸುಮಾರು 33. ಅಷ್ಟು ಜೋರಾಗಿ ಎಸೆದರೆ ಬಾಲ್‌ಗೆ ನೆಲ ಹಿಡಿಯಲು ಸಮಯವೇ ಸಿಗುವುದಿಲ್ಲ. ತಿರುಗದ ಸಿಟ್ಟಿಗೆ ಇನ್ನೂ ಜೋರಾಗಿ ಎಸೆಯುವವರನ್ನು ನಾನು ತುಂಬಾ ನೋಡಿದ್ದೇನೆ. ಅದರಿಂದ ಹುಕ್ ಇನ್ನೂ ಕಡಿಮೆಯಾಗುತ್ತದೆ.

ಬಾಲ್ ಮೇಲಿನ ಎಣ್ಣೆ ಗೆರೆಗಳು

ಇದನ್ನು ನಿಧಾನವಾಗಿ ಓದಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ, ಒಂದು ಪೈಸೆ ಖರ್ಚೂ ಇಲ್ಲ.

ಬಾಲ್ ಪೂರ್ತಿ ಒರೆಸಿ ಒಂದು ಸಲ ಎಸೆಯಿರಿ. ವಾಪಸ್ ಬಂದಾಗ ಒರೆಸದೆ ಬೆಳಕಿಗೆ ಹಿಡಿಯಿರಿ. ಮೈಸುತ್ತ ಎಣ್ಣೆಯ ತೆಳು ಗೆರೆಗಳು ಕಾಣುತ್ತವೆ. ಲೇನ್ ಮೇಲೆ ಬಾಲ್ ಸುತ್ತಿದ ದಾರಿ ಅದು. ಬಾಲ್ ಒಳಗೆ ಕೋರ್ ಅಂತ ಒಂದು ಭಾರದ ಗಟ್ಟಿ ಇದೆ. ಅದು ಬಾಲ್‌ನ ತಿರುಗುವ ಅಕ್ಷವನ್ನು ಸುತ್ತು ಸುತ್ತಿಗೂ ಸ್ವಲ್ಪ ಸರಿಸುತ್ತದೆ. ಅದಕ್ಕೇ ಗೆರೆಗಳು ಒಂದರ ಮೇಲೊಂದು ಬೀಳದೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತವೆ. ಪ್ರತಿ ಸುತ್ತಿಗೂ ಒಣಗಿದ ಹೊಸ ಮೈ ನೆಲಕ್ಕೆ ತಾಕುತ್ತದೆ. ಹುಕ್‌ಗೆ ಬೇಕಾಗಿರುವುದು ಅದೇ.

ಗೆರೆಗಳು ಮೊದಲಿನ ಹಾಗೇ ಅಗಲವಾಗಿ ಹರಡಿವೆ, ಆದರೂ ಬಾಲ್ ತಿರುಗುತ್ತಿಲ್ಲ ಅನ್ನಿ. ಆಗ ಕೋರ್ ಕೆಲಸ ಮಾಡುತ್ತಿದೆ, ಕೈಯೂ ಸರಿ ಇದೆ. ತೊಂದರೆ ಹೊರಗಿನ ಮೈಯಲ್ಲಿದೆ. ನುಣುಪಾಗಿ ಸವೆದಿದೆ, ಇಲ್ಲ ಎಣ್ಣೆ ಕುಡಿದು ತುಂಬಿದೆ.

ಮೊದಲು ಹರಡುತ್ತಿದ್ದ ಗೆರೆಗಳು ಈಗ ಒತ್ತಾಗಿ ಒಂದೇ ಕಡೆ ಬೀಳುತ್ತಿವೆಯಾ? ಕೋರ್ ಹಳೆಯದಾಗಿ ಸುಸ್ತಾಗುವ ವಸ್ತುವಲ್ಲ. ಬೆರಳು ಹಾಕುವ ತೂತುಗಳನ್ನು ಮುಚ್ಚಿ ಬೇರೆ ಕಡೆ ಕೊರೆಸಿಲ್ಲ ಅಂದರೆ ಬದಲಾಗಿರುವುದು ನಿಮ್ಮ ಕೈ. ಬಿಡುವಾಗ ಬೆರಳು ಎತ್ತುವುದು ಕಡಿಮೆಯಾಗಿದೆ, ಇಲ್ಲ ಮಣಿಕಟ್ಟು ಹಿಂದಕ್ಕೆ ಬಿದ್ದಿದೆ.

ಗೆರೆ ಹೆಬ್ಬೆರಳಿನ ತೂತಿನಿಂದ ತುಂಬಾ ದೂರ, ಚಿಕ್ಕ ಬಳೆಯ ಹಾಗೆ ಬಿದ್ದಿದ್ದರೆ ಬಾಲ್ ಬುಗುರಿಯಂತೆ ಸುತ್ತುತ್ತಿದೆ. ಬುಗುರಿಯಂತೆ ಸುತ್ತುವ ಬಾಲ್ ಎಣ್ಣೆ ಮೇಲೆ ಉದ್ದಕ್ಕೆ ಜಾರುತ್ತದೆ. ಕೈ ಬಾಲ್ ಮೇಲೆ ಹೋಗಿ ತಿರುಚುತ್ತಿದೆ ಅಂತ ಅರ್ಥ. ಗೆಳೆಯರಿಗೆ ಹಿಂದಿನಿಂದ ನಿಧಾನಗತಿಯ ವಿಡಿಯೋ ತೆಗೆಯಲು ಹೇಳಿ, ಗೊತ್ತಾಗುತ್ತದೆ.

ಗೆರೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬಾಲ್ ಚೆನ್ನಾಗಿ ಆಡುತ್ತಿರುವ ದಿನವೇ ತೆಗೆಯಿರಿ. ಕೆಟ್ಟ ದಿನ ಹೋಲಿಸಲು ಒಳ್ಳೆಯ ದಿನದ್ದೇ ಬೇಕಲ್ಲ.

ಮೈಯದೇ ತೊಂದರೆ ಅಂತ ಗೊತ್ತಾದ ಮೇಲೆ

ಮೊದಲು ಕ್ಲೀನರ್. ಬೌಲಿಂಗ್ ಬಾಲ್ ಕ್ಲೀನರ್ ಸಿಗದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ. ಆಟ ಮುಗಿದ ಕೂಡಲೇ ಒರೆಸಿ. ತಡವಾದಷ್ಟೂ ಎಣ್ಣೆ ಒಳಗಿಳಿಯುತ್ತದೆ. ಬೆಂಕಿ, ಗ್ಯಾಸ್ ಒಲೆ ಹತ್ತಿರ ಬೇಡ, ಕಿಟಕಿ ತೆಗೆದಿಡಿ. ಥಿನ್ನರ್, ಪೆಟ್ರೋಲ್, ಅಸಿಟೋನ್ ಇರುವ ನೇಲ್ ಪಾಲಿಷ್ ರಿಮೂವರ್ ಖಂಡಿತ ಬೇಡ. ಅವು ಬಾಲ್‌ನ ಮೈಯನ್ನೇ ಮೆತ್ತಗೆ ಮಾಡಿಬಿಡುತ್ತವೆ. ಪಂದ್ಯ ಆಡುವವರು ಒಂದು ಗಮನಿಸಿ: ಅಮೆರಿಕದ ಬೌಲಿಂಗ್ ಕಾಂಗ್ರೆಸ್ (ಅಲ್ಲಿ ಆಟದ ನಿಯಮ ಮಾಡುವ ಸಂಸ್ಥೆ, USBC) ನಿಯಮದ ಪ್ರಕಾರ ಪಂದ್ಯ ನಡೆಯುವಾಗ ಒಣ ಬಟ್ಟೆಯಲ್ಲಿ ಮಾತ್ರ ಒರೆಸಬಹುದು, ದ್ರವ ಹಚ್ಚುವ ಹಾಗಿಲ್ಲ.

ಇದಕ್ಕೂ ಬಗ್ಗದಿದ್ದರೆ ಉಜ್ಜುವ ಪ್ಯಾಡ್. ನಂಬರ್ ಚಿಕ್ಕದಾದಷ್ಟೂ ಒರಟು. 500 ಒರಟು, 4000 ನುಣುಪು. ಹೊಸಬರು 2000ದಿಂದ ಶುರು ಮಾಡಿ. ಪ್ಯಾಡ್ ನೆನೆಸಿ, ಎಲ್ಲ ಕಡೆಯೂ ಒಂದೇ ಸಮ ಉಜ್ಜಿ. ಒಣಗಿದ್ದು ಉಜ್ಜಿದರೆ ಪುಡಿ ಏಳುತ್ತದೆ, ಮೂಗಿಗೆ ಹೋಗುತ್ತದೆ. ಗೆರೆ ಬಿದ್ದ ಜಾಗ ಮಾತ್ರ ಉಜ್ಜಬೇಡಿ, ಮೈ ಏರುಪೇರಾಗುತ್ತದೆ. ಪಂದ್ಯದ ನಡುವೆ ಇದನ್ನೂ ಮಾಡುವ ಹಾಗಿಲ್ಲ.

ಐವತ್ತು ಅರವತ್ತು ಆಟ ದಾಟಿದ ಬಾಲ್ ಆದರೆ ಎಣ್ಣೆ ಆಳಕ್ಕೆ ಹೋಗಿರುತ್ತದೆ. ಅದಕ್ಕೆ ಬಿಸಿನೀರಿನ ಸ್ನಾನ. ತೂತುಗಳಿಗೆ ನೀರು ಹೋಗದ ಟೇಪ್ ಹಚ್ಚಿ. ಬಕೆಟ್‌ನಲ್ಲಿ ಸುಮಾರು 50 ಡಿಗ್ರಿಯ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಬಾಲ್ ಮುಳುಗಿಸಿ 20 ನಿಮಿಷ ಬಿಡಿ. ಮೈಮೇಲೆ ಎಣ್ಣೆಯ ಮುತ್ತು ಮುತ್ತು ಕಾಣುತ್ತದೆ. ಒರೆಸಿ, ಇನ್ನೊಂದು ಸಲ ಮಾಡಿ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಮಹಡಿ ಟ್ಯಾಂಕಿನ ನೀರೇ ಬಿಸಿ ಬರುತ್ತದೆ, ಆದರೆ ಇದಕ್ಕೆ ಅದು ಸಾಲುವುದಿಲ್ಲ, ಗೀಸರ್ ನೀರು ಬೇಕು. ಕುದಿಯುವ ನೀರು ಬೇಡ. ಓವನ್, ಹೇರ್ ಡ್ರೈಯರ್ ಬೇಡ. ಆಮೇಲೆ ಮಹಡಿ ಮೇಲೆ ಬಿಸಿಲಿಗೆ ಇಡಬೇಡಿ. ನೆರಳಿನಲ್ಲಿ ಒಂದು ದಿನ ಒಣಗಲಿ. ಬಾಲ್ ಜೊತೆ ಬಂದ ಚೀಟಿಯಲ್ಲಿ ಬಿಸಿ ಮಾಡಬೇಡಿ ಅಂತ ಬರೆದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಡ್ರಿಲ್ ಮಾಡುವ, ಅಂದರೆ ಬಾಲ್‌ಗೆ ಬೆರಳಿನ ತೂತು ಕೊರೆಯುವ ಅಂಗಡಿಗೆ ಕೊಡಿ.

"ಮೊದಲ ಆಟ ಚೆನ್ನಾಗಿತ್ತು, ಆಮೇಲೆ ಕೆಟ್ಟಿತು"

ಒಂದೇ ದಿನದಲ್ಲಿ ಬಾಲ್ ಕೆಡುವುದಿಲ್ಲ. ಬದಲಾಗಿರುವುದು ಲೇನ್ ಮೇಲಿನ ಎಣ್ಣೆ.

ನಿಮ್ಮ ಬಾಲ್ ಈಗ ಬೇಗ ತಿರುಗಿ ಮುಂದಿನ ಪಿನ್‌ನ ಎಡಕ್ಕೆ ಹೋಗುತ್ತಿದೆಯಾ? 4ನೇ ಪಿನ್, 9ನೇ ಪಿನ್ ನಿಲ್ಲುತ್ತಿವೆಯಾ? ನೀವು ಆಡುವ ದಾರಿಯಲ್ಲಿ ಎಣ್ಣೆ ಖಾಲಿಯಾಗಿದೆ. ರಿಯಾಕ್ಟಿವ್ ಬಾಲ್‌ಗಳೇ ಅದನ್ನು ಎತ್ತಿಕೊಂಡು ಬಂದಿವೆ. ಕಾಲು ಎರಡು ಬೋರ್ಡ್ ಎಡಕ್ಕೆ ಸರಿಸಿ, ಗುರಿ ಒಂದು ಬೋರ್ಡ್ ಎಡಕ್ಕೆ.

ಉಲ್ಟಾ ಆಗಿ, ತಿರುಗುವುದು ತಡವಾಗಿ 2ನೇ ಪಿನ್, 5ನೇ ಪಿನ್ ನಿಲ್ಲುತ್ತಿದ್ದರೆ ಎಣ್ಣೆ ಮುಂದಕ್ಕೆ ಹರಡಿದೆ. ಪ್ಲಾಸ್ಟಿಕ್ ಬಾಲ್ ಎಣ್ಣೆ ಕುಡಿಯುವುದಿಲ್ಲ, ಅದನ್ನು ಪಿನ್ ಕಡೆಗೆ ಎಳೆದುಕೊಂಡು ಹೋಗುತ್ತದೆ. ಭಾನುವಾರ ಮಾಲ್‌ನಲ್ಲಿ ಮಕ್ಕಳು ಮರಿ ಎಲ್ಲ ಲೇನ್‌ನವರ ಪ್ಲಾಸ್ಟಿಕ್ ಬಾಲ್‌ನಲ್ಲೇ ಆಡುತ್ತಾರೆ, ಹಾಗಾಗಿ ನಮ್ಮ ಗುಂಪಿಗೆ ಈ ತೊಂದರೆ ಜಾಸ್ತಿ. ಕಾಲು ಎರಡು ಬೋರ್ಡ್ ಬಲಕ್ಕೆ ಸರಿಸಿ. ಸಾಧ್ಯವಾದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಆಡಿ.

"ಪಾಕೆಟ್‌ಗೇ ಬೀಳುತ್ತೆ, ಆದರೂ 10ನೇ ಪಿನ್ ನಿಲ್ಲುತ್ತೆ"

ಪಾಕೆಟ್ ಅಂದರೆ 1 ಮತ್ತು 3ರ ನಡುವೆ, 17ನೇ ಬೋರ್ಡ್‌ನ ಆಸುಪಾಸು. ಸ್ಟ್ರೈಕ್ ಅಂದರೆ ಮೊದಲ ಎಸೆತಕ್ಕೇ ಹತ್ತೂ ಪಿನ್ ಬೀಳುವುದು. ಒಳ್ಳೆಯ ಸ್ಟ್ರೈಕ್‌ನಲ್ಲಿ ಬಾಲ್ ತಾಕುವುದು ನಾಲ್ಕೇ ಪಿನ್‌ಗೆ: 1, 3, 5, 9. ಉಳಿದ ಆರನ್ನು ಪಿನ್‌ಗಳೇ ಬೀಳಿಸುತ್ತವೆ. 3 ಹೋಗಿ 6ಕ್ಕೆ, 6 ಹೋಗಿ 10ಕ್ಕೆ.

10 ನಿಂತಾಗ 6ನೇ ಪಿನ್ ಎಲ್ಲಿ ಹೋಯಿತು ಅಂತ ನೋಡಿ. ಅದು ಹಾರಿ 10ನ್ನು ಬಳಸಿಕೊಂಡು ಹೋದರೆ ಬಾಲ್ ಚೆನ್ನಾಗಿದೆ, ಕೂದಲೆಳೆ ತಪ್ಪಿದೆ. ಒಂದು ಬೋರ್ಡ್ ಸರಿಸಿದರೆ ಸಾಕು. 6 ಸುಮ್ನೆ ಗಟರ್‌ನಲ್ಲಿ ಮಲಗಿದ್ದರೆ ಬಾಲ್‌ನ ಶಕ್ತಿ ದಾರಿಯಲ್ಲೇ ಮುಗಿದಿದೆ. ಬೇಗ ತಿರುಗಿ, ಬೇಗ ಉರುಳಲು ಶುರುಮಾಡಿ, ಪಿನ್ ಹತ್ತಿರ ಬರುವಾಗ ಸುಸ್ತಾಗಿದೆ. ಪಾಕೆಟ್‌ಗೆ ಬಿದ್ದೂ 8 ಮತ್ತು 10 ಎರಡೂ ನಿಂತರೆ ಇದು ಇನ್ನೂ ಜೋರಾಗಿದೆ.

ಇಲ್ಲಿ ಹುಷಾರು. ಇದು "ತಿರುಗುತ್ತಿಲ್ಲ" ಅನ್ನುವ ದೋಷದ ಹಾಗೇ ಕಾಣುತ್ತದೆ. ಕಾರಣ ಮಾತ್ರ ಪೂರ್ತಿ ಉಲ್ಟಾ. ಬಾಲ್ ಇನ್ನಷ್ಟು ಒರಟು ಮಾಡಿದರೆ ಇನ್ನೂ ಕೆಡುತ್ತದೆ. ಮಾಡಬೇಕಾದದ್ದು ಎಡಕ್ಕೆ, ಎಣ್ಣೆ ಇರುವ ಕಡೆ ಸರಿಯುವುದು. ಇಲ್ಲ ನುಣುಪಾದ ಬಾಲ್ ತೆಗೆದುಕೊಳ್ಳುವುದು. ಬಾಲ್ ತಿರುಗಿ ಆಮೇಲೆ ನೆಟ್ಟಗಾಯಿತಾ, ತಿರುಗಲೇ ಇಲ್ಲವಾ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ಪ್ಯಾಡ್‌ಗೆ ಕೈ ಹಾಕಿ.

"ಟಕ್ ಟಕ್ ಅಂತ ಶಬ್ದ ಬರುತ್ತೆ"

ಎಣ್ಣೆ ಗೆರೆ ತೂತಿನ ಮೇಲೆ ಹಾದಿದೆಯಾ ನೋಡಿ. ಹಾದಿದ್ದರೆ ಶಬ್ದ ಅದರದೇ. ತೂತಿನ ಅಂಚು ಲೇನ್‌ಗೆ ತಾಕುವಾಗ ಹಿಡಿತ ತಪ್ಪುತ್ತದೆ. ಇದಕ್ಕೆ ಮನೆಯಲ್ಲಿ ಔಷಧಿ ಇಲ್ಲ, ಡ್ರಿಲ್ ಮಾಡುವವರಿಗೆ ತೋರಿಸಿ. ಗೆರೆ ದೂರ ಇದ್ದೂ ಶಬ್ದ ಬಂದರೆ ಬೆರಳಿನ ರಬ್ಬರ್ ಇನ್ಸರ್ಟ್ ಸಡಿಲ ಆಗಿರಬಹುದು. ಅದೂ ಇಲ್ಲ ಅಂದರೆ ಬಿರುಕು ಹುಡುಕಿ.

"ಹೆಬ್ಬೆರಳು ಸಿಕ್ಕಿಕೊಳ್ಳುತ್ತೆ" ಅಥವಾ "ಬಾಲ್ ಕೈಯಿಂದ ಜಾರುತ್ತೆ"

ಹೊರಗೆ 40 ಡಿಗ್ರಿ, ಒಳಗೆ ಏಸಿ. ಬಿಸಿಲಲ್ಲಿ ನಡೆದು ಬಂದಾಗ ಬೆರಳು ಊದಿರುತ್ತದೆ, ಅರ್ಧ ಗಂಟೆ ತಣ್ಣಗೆ ಕೂತರೆ ಸಣ್ಣಗಾಗುತ್ತದೆ. ಒಂದೇ ತೂತು ಮೊದಲು ಬಿಗಿ, ಆಮೇಲೆ ಸಡಿಲ. ಬಂದ ಕೂಡಲೇ ಆಡಬೇಡಿ, ಇಪ್ಪತ್ತು ನಿಮಿಷ ಕೂತುಕೊಳ್ಳಿ. ಸಡಿಲ ಆದಾಗ ತೂತಿನೊಳಗೆ ಬೌಲಿಂಗ್ ಟೇಪ್ ಒಂದೊಂದೇ ಪದರ ಹಚ್ಚಿ, ಬಿಗಿ ಆದಾಗ ಒಂದೊಂದೇ ತೆಗೆಯಿರಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಲ್ ಮುಟ್ಟಬೇಡಿ. ಆ ಜಿಡ್ಡಿಗೆ ಟೇಪ್ ನಿಲ್ಲುವುದಿಲ್ಲ.

ತೂತು ಸಡಿಲ ಇದ್ದರೆ ಗೊತ್ತಿಲ್ಲದೆ ಬಾಲ್ ಹಿಂಡಿ ಹಿಡಿಯುತ್ತೇವೆ. ಹಿಂಡಿದ ಕೈಯಿಂದ ಬಾಲ್ ಸಲೀಸಾಗಿ ಬಿಡುವುದಿಲ್ಲ, ತಿರುಗುವುದಿಲ್ಲ, ನೋವೂ ಬರುತ್ತದೆ. ಹೆಬ್ಬೆರಳಿನ ಬುಡದಲ್ಲಿ ಜುಮ್ಮೆನ್ನುವುದು, ಮರಗಟ್ಟುವುದು ಶುರುವಾದರೆ ಆವತ್ತಿನ ಆಟ ನಿಲ್ಲಿಸಿ. ಅಲ್ಲಿರುವ ನರ ತೂತಿನ ಅಂಚಿಗೆ ಉಜ್ಜಿಕೊಂಡು ಹೀಗಾಗುತ್ತದೆ. ಎರಡು ಮೂರು ದಿನಕ್ಕೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ತೂತನ್ನು ಸರಿ ಮಾಡಿಸಿ. ಟೇಪ್ ಹಚ್ಚಿಕೊಂಡು ಸಹಿಸಿ ಆಡುವ ನೋವಲ್ಲ ಇದು.

ಬಿರುಕು ಕಂಡರೆ

ಬೆರಳಿನ ಎರಡು ತೂತುಗಳ ನಡುವಿನ ಸೇತುವೆ, ಹೆಬ್ಬೆರಳಿನ ಸುತ್ತ. ಬಿರುಕು ಹೆಚ್ಚಾಗಿ ಶುರುವಾಗುವುದು ಇಲ್ಲೇ. ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಗೀರಲ್ಲ. ಆ ಬಾಲ್ ಆವತ್ತಿಗೆ ಬ್ಯಾಗಿಗೆ. ಸಂಪೂರ್ಣ ಬಿರುಕು ಬಿಟ್ಟ ಬಾಲ್ ಲೇನ್ ಕೆಡಿಸುತ್ತದೆ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಬೆರಳು ಕೊಯ್ಯುತ್ತದೆ. ಸೇತುವೆಯ ಚಿಕ್ಕ ಬಿರುಕಾದರೆ ಅಂಗಡಿಯವರು ತೂತು ತುಂಬಿ ಮತ್ತೆ ಕೊರೆದು ಕೊಡುತ್ತಾರೆ. ಬಿರುಕು ಮೈಸುತ್ತ ಹರಡಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಮನೆಯಲ್ಲಿ ಅಂಟು ಹಾಕುವುದೂ ಬೇಡ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ಬಿಸಿಲು. ಕೋರ್ ಮತ್ತು ಹೊರಮೈ ಬೇರೆ ಬೇರೆ ವಸ್ತು, ಬಿಸಿಗೆ ಒಂದೇ ಸಮ ಹಿಗ್ಗುವುದಿಲ್ಲ. ಡಿಕ್ಕಿಯಲ್ಲಿ ಕಾದ ಬಾಲ್ ತಂದು ಏಸಿ ಕೆಳಗೆ ಇಡುವುದು ಇನ್ನೂ ಕೆಟ್ಟದ್ದು. ಬಾಲ್ ಮನೆಯೊಳಗೆ ನೆಲದ ಮಟ್ಟದಲ್ಲಿ, ತಂಪಾದ ಮೂಲೆಯಲ್ಲಿರಲಿ. ಸಂಡೂರು, ತೋರಣಗಲ್ಲು ಕಡೆಯವರು ಬ್ಯಾಗಿನ ಜಿಪ್ ಹಾಕಿಡಿ. ಆ ಕೆಂಪು ಅದಿರಿನ ಧೂಳು ಜಿಡ್ಡಿಗೆ ಅಂಟಿದರೆ ಮೈಯ ಒರಟುತನವೇ ಬದಲಾಗುತ್ತದೆ.

ಹಳೆಯ ಬಾಲ್ ಕೊಳ್ಳುವವರಿಗೆ ಒಂದು ಮಾತು. ನಿಮ್ಮ ಬೆರಳು ಹೋಗದ ಹೆಚ್ಚುವರಿ ತೂತು ಇದೆಯಾ ನೋಡಿ. 2020ರ ಆಗಸ್ಟ್ 1ರಿಂದ ಬೌಲಿಂಗ್ ಕಾಂಗ್ರೆಸ್ ನಿಯಮದಲ್ಲಿ ಹಿಡಿಯಲು ಬಳಸದ ತೂತು ಇರುವ ಹಾಗಿಲ್ಲ. ಮುಚ್ಚಿಸಿದರೆ ಬಾಲ್ ಓಡುವ ರೀತಿ ಬದಲಾಗಬಹುದು. ಬೆಲೆ ಮಾತಾಡುವಾಗ ಆ ಖರ್ಚನ್ನೂ ಸೇರಿಸಿ.

ಪರೀಕ್ಷೆ ಮಾಡುವಾಗ ಮೈಮರೆಯಬೇಡಿ

ಬಾಲ್‌ನ ದಾರಿ ನೋಡುವ ಉತ್ಸಾಹದಲ್ಲಿ ಫೌಲ್ ಲೈನ್ ದಾಟಬೇಡಿ. ಆಚೆ ಎಣ್ಣೆ ಇದೆ, ಬಿದ್ದರೆ ಸೊಂಟ ಮುರಿಯುತ್ತದೆ. ಆ ಎಣ್ಣೆ ಬೂಟಿಗೆ ಅಂಟಿ ಬಂದರೆ ಮುಂದಿನವರೂ ಬೀಳುತ್ತಾರೆ. ಬಾಲ್ ವಾಪಸ್ ಬರುವ ಬಾಯಿಯ ಹತ್ತಿರ ಕೈ ಇಡಬೇಡಿ. ಎರಡು ಬಾಲ್ ನಡುವೆ ಬೆರಳು ಸಿಕ್ಕಿದರೆ ನಜ್ಜುಗುಜ್ಜು. ಬಾಲ್ ಎತ್ತುವಾಗ ತೂತಿಗೆ ಬೆರಳು ಹಾಕಬೇಡಿ, ಎರಡೂ ಕೈಯಲ್ಲಿ ಪಕ್ಕದಿಂದ ಹಿಡಿಯಿರಿ. ಪಿನ್ ಸಿಕ್ಕಿಕೊಂಡರೆ, ಬಾಲ್ ನಿಂತುಹೋದರೆ ಸಿಬ್ಬಂದಿಯನ್ನು ಕರೆಯಿರಿ.

ಡ್ರಿಲ್ ಮಾಡುವ ಅಂಗಡಿಗೆ ಹೋಗುವಾಗ

ಒರೆಸುವುದು, ಲೇನ್ ಬದಲಿಸುವುದು, ವೇಗ, ಗೆರೆ, ಪ್ಯಾಡ್, ಬಿಸಿನೀರು, ಇಷ್ಟೂ ಆದ ಮೇಲೂ ಬಾಲ್ ಸರಿಯಾಗದಿದ್ದರೆ ಅಂಗಡಿಗೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ, ಯಾವುದರಿಂದ ಏನಾಯಿತು ಅಂತ ಚೀಟಿಯಲ್ಲಿ ಬರೆದಿಟ್ಟಿರಿ. ಎಷ್ಟು ಆಟ ಆಡಿದ್ದೀರಿ, ಕೊನೆಗೆ ಯಾವ ನಂಬರ್ ಪ್ಯಾಡ್ ಹಾಕಿದ್ದು, ಎಷ್ಟು ಸೆಕೆಂಡ್‌ಗೆ ಪಿನ್ ತಲುಪುತ್ತದೆ, ಯಾವ ಪಿನ್ ಜಾಸ್ತಿ ನಿಲ್ಲುತ್ತದೆ. ಅವರಿಗೆ ಇವಿಷ್ಟು ಬೇಕು. "ಸರಿಯಾಗಿ ಆಡ್ತಿಲ್ಲ" ಅಂತಷ್ಟೇ ಹೇಳಿದರೆ ಅವರೂ ಊಹೆಯ ಮೇಲೆ ಕೊರೆಯಬೇಕಾಗುತ್ತದೆ. ಒಮ್ಮೆ ಕೊರೆದದ್ದನ್ನು ಮುಚ್ಚಿಸಲು ಮತ್ತೆ ಖರ್ಚು, ಮತ್ತೆ ಒಂದು ರಾತ್ರಿಯ ರೈಲು.

ಅಂಗಡಿಗೆ ಕೊಡುವ ಮುಂಚಿನ ಕೊನೆಯ ಎಸೆತದ ಎಣ್ಣೆ ಗೆರೆಯ ಮೇಲೆ ಮೇಣದ ಪೆನ್ಸಿಲ್‌ನಿಂದ ಗುರುತು ಎಳೆಯಿರಿ. ಎಣ್ಣೆ ಒರೆಸಿದ ಮೇಲೂ ಆ ಗುರುತು ಅವರಿಗೆ ಕಾಣುವ ಹಾಗಿರಲಿ.